ಮುಟ್ಟಾಳೆಯ ಅಚ್ಚು ಎಲ್ಲಿದೆ?

ಕನ್ನಡದ ‘ಹಾಳೆ’ ಎಂಬ ಪದಕ್ಕೆ ಎರಡು ಅರ್ಥಗಳುಂಟು. ಶಾಲೆ, ಕಚೇರಿಗಳಲ್ಲಿ ಆಯುಷ್ಯ ಕಳೆಯುವ ನಮ್ಮಂಥವರಿಗೆ ಅದು ಕಾಗದದ ಪುಟ. ಕರಾವಳಿ, ಮಲೆನಾಡುಗಳ ತೋಟದವರಿಗೆ ಅದು ಅಡಿಕೆ ಸೋಗೆಯ ಬುಡದಲ್ಲಿ ಮರವನ್ನು ಅಪ್ಪಿಕೊಂಡಿದ್ದು, ಸೋಗೆ ಹಣ್ಣಾದಾಗ ಅದರೊಂದಿಗೇ ಕಳಚಿ ಬೀಳುವ ಅಗಲವಾದ ಹೊದಿಕೆ. ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಮೊದಲನೆಯ ಹಾಳೆಯಲ್ಲಿ ಹುಡುಕುತ್ತೇವೆ. ಈ ಲೇಖನದಲ್ಲಿ ಎತ್ತಿಕೊಂಡಿರುವುದು ಎರಡನೆಯ ಹಾಳೆಯಿಂದ ಹುಟ್ಟಿದ ಒಂದು ಟೊಪ್ಪಿಯನ್ನು. ಅದಕ್ಕಿಂತ ಹೆಚ್ಚಾಗಿ, ಆ ಟೊಪ್ಪಿಯನ್ನು ಮಾಡಲು ಬೇಕಾಗುತ್ತಿದ್ದ ಸಲಕರಣೆಗಳನ್ನು. ಟೊಪ್ಪಿಯ ಚಿತ್ರ ಇಂದು ಸುಲಭವಾಗಿ ಸಿಗುತ್ತದೆ. ಸಲಕರಣೆಗಳ ಮಾತು ಮಾತ್ರ ಅಪರೂಪಕ್ಕೆ ಬರುತ್ತದೆ. ಹೀಗೇಕಾಯಿತು ಎಂಬುದೇ ನಮ್ಮ ಪ್ರಶ್ನೆ.

ಈ ಟೊಪ್ಪಿಗೆ ತುಳುವಿನಲ್ಲಿ ‘ಮುಟ್ಟಾಳೆ’ ಎಂದು ಹೆಸರು. ಕನ್ನಡದಲ್ಲಿ ಹಾಳೆ ಟೊಪ್ಪಿ ಎನ್ನುತ್ತಾರೆ. ಕಾಸರಗೋಡಿನ ಮಲೆಯಾಳಿಗಳ ಬಾಯಲ್ಲಿ ಅದು ‘ಪಾಳತ್ತೊಪ್ಪಿ’. ತುಳು, ಮಲೆಯಾಳಗಳು ‘ಪಾಳೆ’ ಎಂಬ ಪಕಾರದ ರೂಪವನ್ನು ಇಂದಿಗೂ ಉಳಿಸಿಕೊಂಡಿವೆ. ಹಳಗನ್ನಡದ ಪಕಾರ ಹಕಾರವಾಗಿ ತಿರುಗಿದ ಮೇಲೆ ನಾವು ‘ಹಾಳೆ’ ಎಂದೆವು. ಬಯಲುಸೀಮೆಯ ಕನ್ನಡಿಗನ ಕಿವಿಗೆ ಮುಟ್ಟಾಳೆ ಎಂಬ ಮಾತು ಬಿದ್ದರೆ ಮೊದಲು ನೆನಪಾಗುವುದು ದಡ್ಡನನ್ನು ಕರೆಯುವ ‘ಮುಟ್ಟಾಳ’. ಈ ಎರಡು ಪದಗಳಿಗೆ ನಂಟು ಕಲ್ಪಿಸುವುದು ನಮ್ಮ ಉದ್ದೇಶವಲ್ಲ. ಆದರೆ ಗದ್ದೆಯಲ್ಲಿ ಬೆವರು ಸುರಿಸುವವನ ತಲೆಯ ಮೇಲಿನ ವಸ್ತುವಿನ ಹೆಸರು ಕೇಳಿದೊಡನೆ ನಗು ಬರುವಂತಾದುದು ಗಮನಿಸಬೇಕಾದ ಸಂಗತಿ.

ಇಂಗ್ಲಿಷ್ ಬರಹಗಳಲ್ಲಿ ಮುಟ್ಟಾಳೆಯ ಪ್ರಸ್ತಾಪ ಬಂದಲ್ಲೆಲ್ಲ ಬಹುತೇಕ ಒಂದು ತಪ್ಪು ಹೆಸರು ಅಂಟಿಕೊಂಡಿರುತ್ತದೆ. ಅಲ್ಲಿ ಬಳಸುವ ‘ಸ್ಪೇದ್’ ಎಂಬ ಪದ ಸಸ್ಯಶಾಸ್ತ್ರದ ಪ್ರಕಾರ ಹೂಗೊನೆಯನ್ನು ಮುಚ್ಚಿರುವ ಪೊರೆಗೆ ಸಲ್ಲುತ್ತದೆ. ನಮ್ಮವರು ಹೊಂಬಾಳೆ ಎನ್ನುವುದು ಆ ಭಾಗಕ್ಕೆ. ಟೊಪ್ಪಿಗೆ ಒದಗುವುದು ಹೂವಿನ ಪೊರೆಯಲ್ಲ, ಎಲೆಯ ಬುಡ. ತೋಟದ ಭಾಷೆಯಲ್ಲಿ ಹೊಂಬಾಳೆ ಬೇರೆ, ಹಾಳೆ ಬೇರೆ, ಸೋಗೆ ಬೇರೆ. ವರದಿಯ ಭಾಷೆಯಲ್ಲಿ ಎಲ್ಲವೂ ಒಂದೇ ಆಯಿತು. ವಸ್ತುವನ್ನೇ ಸರಿಯಾಗಿ ಹೆಸರಿಸದ ದಾಖಲೆ, ಆ ವಸ್ತುವನ್ನು ಕೊಯ್ದು ಹೊಲಿದ ಸಲಕರಣೆಯನ್ನು ಹೆಸರಿಸಲು ಹೋಗಲಿಲ್ಲವೆಂದರೆ ಆಶ್ಚರ್ಯವಿಲ್ಲ.

ಹಾಳೆಯ ಗುಣವೇ ಈ ಕಸುಬಿನ ಅಡಿಪಾಯ. ಒಣಗಿದಾಗ ಅದು ಬಿರುಸು, ಮಡಿಸಿದರೆ ಸೀಳುತ್ತದೆ. ನೀರಿನಲ್ಲಿ ನೆನೆದರೆ ತೊಗಲಿನಂತೆ ಮೆದುವಾಗಿ, ಹೇಳಿದ ಕಡೆ ಬಾಗುತ್ತದೆ. ಬಾಗಿಸಿ ಕಟ್ಟಿ ಒಣಗಲು ಬಿಟ್ಟರೆ ಆ ಆಕಾರವನ್ನೇ ಹಿಡಿದು ನಿಲ್ಲುತ್ತದೆ. ಇಷ್ಟು ತಿಳಿದವನಿಗೆ ಹಾಳೆಯಿಂದ ಏನನ್ನಾದರೂ ಮಾಡಬಹುದು. ನೀರು ಮೊಗೆಯುವ ಪಾತ್ರೆ, ಬೀಸಣಿಗೆ, ಊಟದ ಎಲೆ, ಹಸುಗೂಸನ್ನು ಮಲಗಿಸಿ ಎಣ್ಣೆ ನೀರು ಎರೆಯುವ ತೊಟ್ಟಿ, ಎಲ್ಲವೂ ಕರಾವಳಿಯ ಮನೆಗಳಲ್ಲಿ ಇದ್ದವು. ಮಲೆನಾಡಿನ ತೋಟಗಳಲ್ಲಿ ಅಡಿಕೆಯ ಗೊನೆಗೂ ಟೊಪ್ಪಿ ಹಾಕುವ ಪದ್ಧತಿ ಇತ್ತು. ಮಳೆಗಾಲದ ಕೊಳೆರೋಗದಿಂದ ಗೊನೆಯನ್ನು ಕಾಪಾಡಲು ಹಾಳೆಯದೋ ಕರಡದ ಹುಲ್ಲಿನದೋ ಹೊದಿಕೆ ಮಾಡಿ ಮರದ ತುದಿಯಲ್ಲಿ ಕಟ್ಟುತ್ತಿದ್ದರು; ಅದಕ್ಕೆ ಕೊಟ್ಟೆ ಕಟ್ಟುವುದು ಎಂದು ಹೆಸರು. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಲೆಸ್ಲಿ ಕೋಲ್‌ಮನ್ 1910ರ ಸುಮಾರಿಗೆ ಕೊಳೆರೋಗವನ್ನು ಅಭ್ಯಸಿಸಿ ಬೋರ್ಡೊ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದ ಮೇಲೆ ಗೊನೆಯ ಟೊಪ್ಪಿ ಕ್ರಮೇಣ ಹಿಂದೆ ಸರಿಯಿತು. ಆಳಿನ ತಲೆಯ ಟೊಪ್ಪಿ ಇನ್ನಷ್ಟು ಕಾಲ ಉಳಿಯಿತು.

ಮುಟ್ಟಾಳೆ ಮಾಡುವ ಬಗೆ ಊರಿಂದ ಊರಿಗೆ, ಕೈಯಿಂದ ಕೈಗೆ ತುಸು ಬದಲಾಗುತ್ತದೆ, ತತ್ತ್ವ ಒಂದೇ. ಬಿರುಕಿಲ್ಲದ ಅಗಲವಾದ ಹಾಳೆಯನ್ನು ಆರಿಸಿ, ನೆನೆಸಿ, ಅಂಚು ಸವರಿ, ತಲೆಯ ಸುತ್ತಳತೆಗೆ ಬಾಗಿಸಿ, ಹೆಚ್ಚಾದ ಭಾಗವನ್ನು ನಿರಿಗೆಯಂತೆ ಮಡಿಸಿ ಹೊಲಿದರೆ ಟೊಪ್ಪಿ ಸಿದ್ಧ. ಬಿಸಿಲಿಗೆ ತಂಪು, ಮಳೆಗೆ ಮರೆ, ತಲೆಹೊರೆಗೆ ಮೆತ್ತೆ, ಈ ಮೂರು ಕೆಲಸಗಳನ್ನು ಅದು ಒಂದೇ ಸಲಕ್ಕೆ ಮಾಡುತ್ತದೆ. ಹರಿದರೆ ಗೊಬ್ಬರದ ಗುಂಡಿಗೆ ಹೋಗುತ್ತದೆ. ಮರ ಮತ್ತೊಂದು ಹಾಳೆಯನ್ನು ಉದುರಿಸುತ್ತದೆ.

ಈಗ ಸಲಕರಣೆಗಳಿಗೆ ಬರೋಣ. ಮೊದಲನೆಯದು ಕತ್ತಿ. ಅದು ಟೊಪ್ಪಿಗೆಂದೇ ಮಾಡಿದ ಕತ್ತಿಯಲ್ಲ. ಹುಲ್ಲು, ಬಳ್ಳಿ, ತೆಂಗಿನಕಾಯಿ ಎಲ್ಲಕ್ಕೂ ನಡೆಯುವ ಮನೆಯ ಕತ್ತಿ. ಅದರ ಅಲಗನ್ನು ಊರಿನ ಕಮ್ಮಾರ ಬಡಿದುಕೊಟ್ಟಿರುತ್ತಾನೆ, ಹಿಡಿಯನ್ನು ಕೂಡಿಸುವುದು ಬಳಸುವವನ ಕೆಲಸ. ತನ್ನ ಅಂಗೈಯ ಅಳತೆ ಅವನಿಗೇ ಗೊತ್ತು. ಎರಡನೆಯದು ಸೂಜಿ. ಗೋಣಿ ಹೊಲಿಯುವ ದಬ್ಬಣವಿದ್ದರೆ ಅದೇ ಸಾಕು. ಇಲ್ಲದಿದ್ದರೆ ಬಲಿತ ಬಿದಿರಿನ ಸೀಳನ್ನು ಕೆತ್ತಿ ಚೂಪು ಮಾಡಿದರೂ ನೆನೆದ ಹಾಳೆ ತೂತಾಗುತ್ತದೆ. ಮೂರನೆಯದು ದಾರ. ಬಾಳೆಯ ನಾರು, ಹಾಳೆಯ ಅಂಚಿನಿಂದಲೇ ಸೀಳಿ ತೆಗೆದ ಎಳೆ, ಕೆಲವೊಮ್ಮೆ ಅಂಗಡಿಯ ಹತ್ತಿದಾರ, ಹೀಗೆ ಕೈಗೆ ಎಟಕಿದುದು. ನಾಲ್ಕನೆಯದು ಅಚ್ಚು. ಟೊಪ್ಪಿಯ ಕಸುಬಿನಲ್ಲಿ ಅತ್ಯಂತ ಮುಖ್ಯವಾದ ಈ ನಾಲ್ಕನೆಯ ಸಲಕರಣೆಯನ್ನು ಹುಡುಕಿದರೆ ಸಿಗುವುದಿಲ್ಲ, ಏಕೆಂದರೆ ಅದು ಹಾಕಿಕೊಳ್ಳುವವನ ತಲೆಯೇ ಆಗಿತ್ತು. ಅಂಗಳದಲ್ಲಿ ಕುಳಿತವನ ತಲೆಗೆ ನೆನೆದ ಹಾಳೆಯನ್ನು ಹಿಡಿದು ನೋಡಿ, ಮಡಿಕೆ ಎಲ್ಲಿ ಬೀಳಬೇಕೆಂದು ಹೆಬ್ಬೆರಳಿನಿಂದ ಗುರುತು ಮಾಡಿದರೆ ಅಳತೆ ಮುಗಿಯಿತು.

ಈ ಸರಳತೆಯನ್ನು ಹಿಂದುಳಿದ ಸ್ಥಿತಿ ಎಂದು ಎಣಿಸುವವರುಂಟು. ಬೇರೆ ದೇಶದ ಟೊಪ್ಪಿಗಾರರ ಸಲಕರಣೆಗಳೊಡನೆ ಹೋಲಿಸಿ ನೋಡಿದರೆ ವಿಷಯ ಬೇರೆಯೇ ಆಗಿ ಕಾಣುತ್ತದೆ. ಯುರೋಪಿನಲ್ಲಿ ಪ್ರಾಣಿಗಳ ತುಪ್ಪುಳನ್ನು ಅದುಮಿ ಮಾಡುವ ಫೆಲ್ಟ್ ಟೊಪ್ಪಿಗೆ ಮರದ ಅಚ್ಚು ಬೇಕೇ ಬೇಕು. ಹಬೆಯಲ್ಲಿ ಮೆದುಗೊಳಿಸಿದ ಫೆಲ್ಟನ್ನು ಆ ಅಚ್ಚಿನ ಮೇಲೆ ಎಳೆದು, ಹುರಿಯಿಂದ ಬಿಗಿದು, ಒಣಗಿಸುತ್ತಾರೆ. ಪ್ರತಿ ಅಳತೆಗೆ ಒಂದು ಅಚ್ಚು, ಪ್ರತಿ ಮಾದರಿಗೆ ಮತ್ತೊಂದು ಸಾಲು. ಅಚ್ಚು ಕೆತ್ತುವುದೇ ಪ್ರತ್ಯೇಕ ವೃತ್ತಿಯಾಗಿ ಬೆಳೆಯಿತು. ತುಪ್ಪುಳನ್ನು ಹದಗೊಳಿಸಲು ಪಾದರಸದ ಲವಣವನ್ನು ಬಳಸುತ್ತಿದ್ದುದರಿಂದ ಆ ಟೊಪ್ಪಿಗಾರರ ನರಮಂಡಲ ಕೆಟ್ಟು, ಕೈನಡುಕ, ಮತಿಭ್ರಮೆಗಳು ಬರುತ್ತಿದ್ದುದು ವೈದ್ಯಚರಿತ್ರೆಯ ಪ್ರಸಿದ್ಧ ಅಧ್ಯಾಯ.

ಅಲ್ಲಿಯೂ ತಮ್ಮ ಸಲಕರಣೆಯನ್ನು ತಾವೇ ಮಾಡಿಕೊಂಡವರು ಇದ್ದರು. ಇಂಗ್ಲೆಂಡಿನ ಲೂಟನ್ ಪಟ್ಟಣದ ಸುತ್ತಮುತ್ತಲ ಹಳ್ಳಿಗಳಲ್ಲಿ ಹೆಂಗಸರೂ ಮಕ್ಕಳೂ ಗೋಧಿಯ ಹುಲ್ಲನ್ನು ಹೆಣೆದು ಟೊಪ್ಪಿಯ ಜಡೆ ಮಾಡುತ್ತಿದ್ದರು. ಇಡೀ ಹುಲ್ಲುಕಡ್ಡಿ ದಪ್ಪವಾಗಿ ಹೆಣಿಗೆ ಒರಟಾಗುತ್ತಿತ್ತು. 19ನೆಯ ಶತಮಾನದ ಆರಂಭದ ವೇಳೆಗೆ ಕಡ್ಡಿಯನ್ನು ಸಮವಾದ ಎಳೆಗಳಾಗಿ ಸೀಳುವ ಒಂದು ಪುಟ್ಟ ಉಪಕರಣ ಬಳಕೆಗೆ ಬಂತು. ಮೂಳೆಯ ತುಂಡಿನಲ್ಲಿ ಕೆತ್ತಿದ ಅದರ ತುದಿಯಲ್ಲಿ ಚಕ್ರದ ಅರಗಳಂತೆ ಅಲಗುಗಳು. ಕಡ್ಡಿಯೊಳಗೆ ತೂರಿಸಿ ತಳ್ಳಿದರೆ ಹುಲ್ಲು ಸೀಳುತ್ತಿತ್ತು. ಕೈಯಲ್ಲಿ ಹುಟ್ಟಿದ ಈ ಸಲಕರಣೆ ಮುಂದೆ ಲೋಹದಲ್ಲಿ ತಯಾರಾಗಿ ಮಾರಾಟದ ಸರಕಾಯಿತು. ಇಕ್ವಡಾರಿನ ತೊಕಿಯಾ ಹುಲ್ಲಿನ ಟೊಪ್ಪಿಯನ್ನು ಜಗತ್ತು ಪನಾಮಾ ಟೊಪ್ಪಿ ಎಂದು ತಪ್ಪಾಗಿ ಕರೆಯುತ್ತದೆ. 2012ರಲ್ಲಿ ಯುನೆಸ್ಕೊ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಆ ಟೊಪ್ಪಿಯನ್ನಲ್ಲ, ಅದನ್ನು ಹೆಣೆಯುವ ವಿದ್ಯೆಯನ್ನು. ಈ ವ್ಯತ್ಯಾಸವನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ; ಮುಂದೆ ಅದರ ಅಗತ್ಯ ಬೀಳುತ್ತದೆ.

ಯುರೋಪಿನ ಟೊಪ್ಪಿಗಾರನಿಗೆ ಅಚ್ಚು ಏಕೆ ಬೇಕಾಯಿತು? ಅವನ ಟೊಪ್ಪಿ ಯಾರ ತಲೆಗೆ ಹೋಗುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಕಾಣದ ತಲೆಗೆ ಟೊಪ್ಪಿ ಮಾಡುವವನಿಗೆ ಮರದ ತಲೆ ಬೇಕು. ಮುಟ್ಟಾಳೆ ಮಾಡುವವನ ಎದುರಿಗೆ ನಿಜವಾದ ತಲೆಯೇ ಕುಳಿತಿತ್ತು. ಮಾಡುವವನಿಗೂ ತೊಡುವವನಿಗೂ ನಡುವಿನ ದೂರ ಹೆಚ್ಚಿದಷ್ಟು ಸಲಕರಣೆಗಳ ಸಂಖ್ಯೆ ಹೆಚ್ಚುತ್ತದೆ ಎಂಬುದು ನಮ್ಮ ತಿಳಿವಳಿಕೆ. ನಮ್ಮ ನಾಡಿನ ತಲೆಯುಡುಗೆಗಳನ್ನೇ ಸಾಲಾಗಿ ಇಟ್ಟು ನೋಡಬಹುದು. ಕುರುಬರ ಕರಿಕಂಬಳಿಯನ್ನು ಮಳೆಯಲ್ಲಿ ಕೊಪ್ಪೆ ಮಾಡಿ ಹೊದೆಯುವವನಿಗೆ ಟೊಪ್ಪಿಗಾರನೇ ಬೇಡ. ಮಡಿಸುವ ಕೈಯೂ ಹೊದೆಯುವ ತಲೆಯೂ ಒಬ್ಬನವೇ. ಮುಂಡಾಸು ಸುತ್ತಿಕೊಳ್ಳುವವನದೂ ಅದೇ ರೀತಿ. ಬಡಗುತಿಟ್ಟಿನ ಯಕ್ಷಗಾನದ ಕೇದಗೆ ಮುಂದಲೆಯನ್ನು ಚೌಕಿಯಲ್ಲಿ ಪ್ರತಿ ರಾತ್ರಿಯೂ ವೇಷಧಾರಿಯ ತಲೆಯ ಮೇಲೆಯೇ ಹೊಸದಾಗಿ ಕಟ್ಟಬೇಕು. ಬೆಳಗಾದರೆ ಅದು ಬಿಚ್ಚಿಹೋಗುತ್ತದೆ. ಕೂಸಿಗೆ ಕುಲಾವಿ ಹೊಲಿಯುವ ಅಜ್ಜಿ ಎದುರಿನ ತಲೆಗಿಂತ ಒಂದೆರಡು ಬೆರಳು ದೊಡ್ಡದಾಗಿಯೇ ಹೊಲಿಯುತ್ತಾಳೆ, ಬೆಳೆಯುವ ತಲೆಯ ಲೆಕ್ಕ ಅವಳಿಗೆ ಗೊತ್ತು. ಕಟ್ಟಿ ಸಿದ್ಧವಾಗಿಟ್ಟ ಮೈಸೂರು ಪೇಟ ಮಾತ್ರ ಕಾಣದ ತಲೆಗಾಗಿ ಕಾಯುತ್ತದೆ. ಈ ಸಾಲಿನಲ್ಲಿ ಮುಟ್ಟಾಳೆ ನಡುವೆ ನಿಲ್ಲುತ್ತದೆ: ಮಾಡುವವನು ಬೇರೆ, ತೊಡುವವನು ಬೇರೆ, ಆದರೆ ಇಬ್ಬರೂ ಒಂದೇ ಊರಿನವರು.

ಇಂತಹ ಕಸುಬು ದಾಖಲೆಗೆ ಸಿಗದಿರಲು ಮೊದಲ ಕಾರಣ ತೆರಿಗೆ. ಸರ್ಕಾರದ ಕಡತಗಳ ನಡುವೆಯೇ ಹೊಟ್ಟೆ ಹೊರೆಯುವ ನಮಗೆ ಇದು ಬೇಗ ಹೊಳೆಯುತ್ತದೆ. ಆಡಳಿತದ ಕಣ್ಣಿಗೆ ಬೀಳುವುದು ಎಣಿಸಬಹುದಾದ ಸಲಕರಣೆ. ನಮ್ಮ ಶಾಸನಗಳಲ್ಲಿ ಮಗ್ಗದೆರೆ ಇದೆ, ಗಾಣದೆರೆ ಇದೆ. ಮಗ್ಗ ನೆಲದಲ್ಲಿ ಊರಿರುತ್ತದೆ, ಗಾಣ ಒಂದು ಕಡೆ ನಿಂತಿರುತ್ತದೆ. ಎಣಿಸಿ ತೆರಿಗೆ ಹಾಕಬಹುದು. ಮದರಾಸು ಪ್ರಾಂತದಲ್ಲಿ ಕಂಪನಿ ಸರ್ಕಾರವೂ ಮೊಹತರ್ಫಾ ಎಂಬ ಹೆಸರಿನಲ್ಲಿ ಮಗ್ಗಗಳ ಮೇಲೆ, ಕಸುಬುಗಳ ಮೇಲೆ ತೆರಿಗೆ ಎತ್ತುತ್ತಿತ್ತು. ಬಿದಿರಿನ ದಬ್ಬಣಕ್ಕೂ ಎದುರಿಗೆ ಕುಳಿತವನ ತಲೆಗೂ ಯಾವ ಅಮಲ್ದಾರ ತೆರಿಗೆ ಹಾಕಿಯಾನು? ತೆರಿಗೆಯಿಲ್ಲದುದರಿಂದ ಲೆಕ್ಕವಿಲ್ಲ, ಲೆಕ್ಕವಿಲ್ಲದುದರಿಂದ ಬರಹವಿಲ್ಲ.

ಫ್ರಾನ್ಸಿಸ್ ಬುಕಾನನ್‌ನ ಪ್ರವಾಸವನ್ನು ಇಲ್ಲಿ ನೆನೆಯಬೇಕು. ಟಿಪ್ಪು ಮಡಿದ ಮರುವರ್ಷ, 1800ರ ಏಪ್ರಿಲ್ 23ರಂದು ಅವನು ಮದರಾಸಿನಿಂದ ಹೊರಟ. ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ ಬರೆದ ಅವನ ಗ್ರಂಥ 1807ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಅದರ ಮೊದಲ ಪುಟಗಳಲ್ಲಿ ಬರುವ ಊರುಗಳಲ್ಲಿ ಕುಂದ್ರತ್ತೂರು ಒಂದು. ಅಲ್ಲಿನ ಹೊಲಗಳಿಗೆ ನೀರುಣಿಸುತ್ತಿದ್ದ ಚೆಂಬರಂಬಾಕ್ಕಂ ಕೆರೆಯನ್ನು ಅವನು ಮೆಚ್ಚಿ ವರ್ಣಿಸಿದ್ದಾನೆ. ಪೋರೂರಿನಲ್ಲಿ ನೆಲೆಸಿರುವ ನಮಗೆ ಕುಂದ್ರತ್ತೂರು ನೆರೆಯೂರು. ಕರ್ನಾಟಕದ ಚರಿತ್ರೆಕಾರರೆಲ್ಲ ಆಧರಿಸುವ ಆ ಪ್ರವಾಸ ನಮ್ಮ ಇಂದಿನ ಮನೆಬಾಗಿಲ ಬಳಿಯೇ ಹಾದುಹೋಗಿದೆ ಎಂಬುದು ಹೊರನಾಡಿನಲ್ಲಿರುವ ನಮಗೆ ಒಂದು ಸಣ್ಣ ಸಂತೋಷ. ಬುಕಾನನ್ ಸಲಕರಣೆಗಳನ್ನು ಬಲ್ಲವನು. ನೇಗಿಲು, ಕುಂಟೆ, ಕಬ್ಬಿನ ಗಾಣ ಮೊದಲಾದುವುಗಳ ಚಿತ್ರಗಳನ್ನೂ ತನ್ನ ಗ್ರಂಥದಲ್ಲಿ ಕೊಟ್ಟಿದ್ದಾನೆ. ಹೊಸದಾಗಿ ಗೆದ್ದ ಸೀಮೆಯಲ್ಲಿ ಏನು ಬೆಳೆಯುತ್ತದೆ, ಏನು ಮಾರಾಟವಾಗುತ್ತದೆ ಎಂದು ತಿಳಿಯುವುದು ಅವನಿಗೆ ಒಪ್ಪಿಸಿದ ಕೆಲಸವಾಗಿತ್ತು. ಸಂತೆಗೂ ಹೋಗದೆ, ತೆರಿಗೆಗೂ ಸಿಗದೆ, ಮನೆಯಂಗಳದಲ್ಲೇ ಹುಟ್ಟಿ ಗದ್ದೆಯಲ್ಲೇ ಸವೆಯುವ ವಸ್ತುಗಳು ಅಂತಹ ವಿಚಾರಣೆಯ ಅಂಚಿನಲ್ಲಿ ಉಳಿಯುವುದು ಸಹಜ.

ದಾಖಲೆಗೆ ಸಿಗದಿರಲು ಎರಡನೆಯ ಕಾರಣ ಇದಕ್ಕಿಂತ ಕಹಿಯಾದದ್ದು. ಉತ್ತರ ಕನ್ನಡ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆಯೂ ದಕ್ಷಿಣ ಕನ್ನಡ ಮದರಾಸು ಪ್ರಾಂತದಲ್ಲೇ ಮುಂದುವರಿಯಿತು, ಕಾಸರಗೋಡೂ ಅದರೊಳಗಿತ್ತು. 1956ರ ನವೆಂಬರ್ 1ರವರೆಗೆ ಮುಟ್ಟಾಳೆಯ ನಾಡಿನ ರಾಜಧಾನಿ ಈ ಚೆನ್ನೈಯೇ. ಎಗ್ಮೋರಿನ ಸರ್ಕಾರಿ ವಸ್ತುಸಂಗ್ರಹಾಲಯದ ಮುಖ್ಯಸ್ಥನಾಗಿ 1885ರಿಂದ 1908ರವರೆಗೆ ಇದ್ದ ಎಡ್ಗರ್ ಥರ್ಸ್ಟನ್, ಪ್ರಾಂತದ ಜಾತಿ ಬುಡಕಟ್ಟುಗಳನ್ನು ಅಭ್ಯಸಿಸಿ, ಕೆ. ರಂಗಾಚಾರಿಯವರ ನೆರವಿನಿಂದ 1909ರಲ್ಲಿ ಏಳು ಸಂಪುಟಗಳ ಗ್ರಂಥ ಹೊರತಂದ. ಅವನ ಬಳಿ ಸಲಕರಣೆಗಳಿಗೆ ಕೊರತೆಯಿರಲಿಲ್ಲ. ತಲೆಯ ಉದ್ದ ಅಗಲಗಳನ್ನು ಅಳೆಯುವ ಲೋಹದ ಇಕ್ಕಳಗಳು, ಮೂಗಿನ ಅಳತೆಯ ಉಪಕರಣಗಳು, ಚರ್ಮದ ಬಣ್ಣವನ್ನು ಹೋಲಿಸುವ ಗಾಜುಗಳು, ಹಿಡಿತದ ಬಲವನ್ನು ತೂಗುವ ಯಂತ್ರ, ಎಲ್ಲವೂ ಇದ್ದವು. ಇವುಗಳನ್ನು ಕಂಡು ಊರವರು ಓಡಿಹೋಗುತ್ತಿದ್ದುದನ್ನು ಅವನೇ ತಮಾಷೆಯ ಧಾಟಿಯಲ್ಲಿ ಬರೆದಿದ್ದಾನೆ. ವಯನಾಡಿನ ಪಣಿಯರ ಹೆಂಗಸರು ತಮ್ಮನ್ನು ಹಿಡಿದು ಒಣಹುಲ್ಲು ತುಂಬಿ ಮದರಾಸಿನ ಸಂಗ್ರಹಾಲಯದಲ್ಲಿ ನಿಲ್ಲಿಸುತ್ತಾರೆಂದು ಹೆದರಿದರಂತೆ.

ಬ್ರಿಟಿಷ್ ಟೊಪ್ಪಿಗಳ ಅಳತೆಯ ಸಂಖ್ಯೆ ಹುಟ್ಟಿದ್ದು ತಲೆಯ ಉದ್ದ ಮತ್ತು ಅಗಲವನ್ನು ಅಂಗುಲಗಳಲ್ಲಿ ಅಳೆದು ಸರಾಸರಿ ತೆಗೆಯುವುದರಿಂದ. ಥರ್ಸ್ಟನ್‌ನ ಕಾಲದ ಮಾನವಶಾಸ್ತ್ರದ ಕಪಾಲಸೂಚಿ ಹುಟ್ಟಿದ್ದೂ ಅವೇ ಎರಡು ಅಳತೆಗಳಿಂದ: ಅಗಲವನ್ನು ನೂರರಿಂದ ಗುಣಿಸಿ ಉದ್ದದಿಂದ ಭಾಗಿಸಿದರೆ ಬರುವ ಸಂಖ್ಯೆ. ಅಳತೆ ಒಂದೇ. ಟೊಪ್ಪಿಗಾರ ಅದರಿಂದ ಒಂದು ಟೊಪ್ಪಿ ಮಾಡಿದ, ಸರ್ಕಾರ ಅದರಿಂದ ಜಾತಿಗಳ ಶ್ರೇಣಿ ಮಾಡಿತು. ಅದೇ ವರ್ಷಗಳಲ್ಲಿ ತುಳುನಾಡಿನ ಅಂಗಳದಲ್ಲಿ ಒಬ್ಬ ಮನುಷ್ಯ ಮತ್ತೊಬ್ಬನ ತಲೆಯನ್ನು ಬರಿಗೈಯಿಂದ ಅಳೆದು, ಅದು ಬಿಸಿಲಿಗೆ ಕಾಯದಂತೆ ಮಾಡುತ್ತಿದ್ದ. ತಲೆಯನ್ನು ಅಳೆಯುವ ಉಪಕರಣಗಳಿಗೆ ಪುಸ್ತಕದ ಪೀಠಿಕೆಯಲ್ಲಿ ಸ್ಥಳ ಸಿಕ್ಕಿತು. ತಲೆಯನ್ನು ಕಾಯುವ ಸಲಕರಣೆಗಳಿಗೆ ಅಂತಹ ಸ್ಥಳ ಸಿಗಲಿಲ್ಲ.

ಅಂಗಳದ ಆ ಸಂಬಂಧವನ್ನು ನಾವು ಸುಂದರಗೊಳಿಸಿ ಹೇಳಬಾರದು. ಒಂದೇ ಊರಿನವರಾಗಿದ್ದರು ಎಂದ ಮಾತ್ರಕ್ಕೆ ಸಮಾನರಾಗಿದ್ದರು ಎಂದಲ್ಲ. ಮುಂಡಾಸು, ಜರತಾರಿ ಪೇಟಗಳು ಧಣಿಗಳ ತಲೆಯಲ್ಲಿದ್ದವು. ಮುಟ್ಟಾಳೆ ಒಕ್ಕಲಿನವನ, ಆಳಿನ, ಮೂರ್ತೆಯವನ ತಲೆಯಲ್ಲಿತ್ತು. ಟೊಪ್ಪಿಯನ್ನು ನೋಡಿಯೇ ಅಂಗಳದಲ್ಲಿ ಎಲ್ಲಿ ನಿಲ್ಲಬೇಕಾದವನೆಂದು ಹೇಳಬಹುದಾಗಿತ್ತು. ಬುಟ್ಟಿ ಹೆಣೆಯುವುದರಲ್ಲಿ ನಿಪುಣರಾದ ಕೊರಗರ ಸ್ಥಿತಿ ಎಲ್ಲರಿಗಿಂತ ಕೆಳಗಿತ್ತು. ಬಿದಿರು, ಬಳ್ಳಿ, ಎಲೆಗಳ ಗುಣವನ್ನು ಅವರಷ್ಟು ಬಲ್ಲವರಿರಲಿಲ್ಲ. ಅವರಷ್ಟು ಅವಮಾನ ಉಂಡವರೂ ಇರಲಿಲ್ಲ. ಅಜಲು ಎಂಬ ಹೀನ ಪದ್ಧತಿಯನ್ನು ನಿಷೇಧಿಸುವ ಕಾನೂನನ್ನು ಕರ್ನಾಟಕ ಸರ್ಕಾರ ತಂದದ್ದು 2000ದಲ್ಲಿ, ಸ್ವಾತಂತ್ರ್ಯ ಬಂದು ಅರ್ಧ ಶತಮಾನ ಕಳೆದ ಮೇಲೆ. ಅದೇ ನಾಡಿನಲ್ಲಿ ಕೊರಗರ ಕುಲದ ದೈವ ಕೊರಗಜ್ಜನನ್ನು ಎಲ್ಲ ಜಾತಿಯವರೂ ನಂಬುತ್ತಾರೆ. ಮುಟ್ಟಾಳೆ ತೊಟ್ಟು ಕೋಲು ಹಿಡಿದ ಮುದುಕನ ರೂಪದಲ್ಲಿ ಆ ದೈವವನ್ನು ಕಾಣಿಸುತ್ತಾರೆ. ದೈವದ ತಲೆಯ ಮುಟ್ಟಾಳೆಗೆ ಕೈಮುಗಿದ ಸಮಾಜ, ಮನುಷ್ಯನ ತಲೆಯ ಮುಟ್ಟಾಳೆಯನ್ನು ಅಂಗಳದ ಹೊರಗೆ ನಿಲ್ಲಿಸಿತು.

ಈ ಹಿನ್ನೆಲೆಯಲ್ಲಿ ನೋಡಿದರೆ ಮುಟ್ಟಾಳೆಯ ಅವನತಿಗೆ ಅಳುವ ಅಗತ್ಯವಿಲ್ಲವೆಂದು ಯಾರಾದರೂ ವಾದಿಸಬಹುದು. ಆ ವಾದದಲ್ಲಿ ಸತ್ಯವಿದೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ದಕ್ಷಿಣ ಕನ್ನಡದ ಗೇಣಿದಾರರ ಬದುಕನ್ನು ಬದಲಾಯಿಸಿತು. ಉಳುವ ನೆಲ ತನ್ನದಾದವನು ಆಳಿನ ಗುರುತನ್ನು ತಲೆಯ ಮೇಲೆ ಹೊತ್ತು ನಡೆಯಲು ಒಪ್ಪದಿದ್ದರೆ ಅದು ಅವನ ಹಕ್ಕು. ಬಟ್ಟೆಯ ಟೊಪ್ಪಿ, ಛತ್ರಿ, ಪ್ಲಾಸ್ಟಿಕ್ ಹೊದಿಕೆಗಳು ಅಗ್ಗವಾಗಿ ಬಂದವು. ಬಿದಿರ ಚೌಕಟ್ಟಿಗೆ ಎಲೆ ಹೊದಿಸಿ ಮಾಡುತ್ತಿದ್ದ ಗೊರಬನ್ನು ಬೆನ್ನಿಗೆ ಹಾಕಿಕೊಂಡು ನೇಜಿ ನೆಡುತ್ತಿದ್ದವರ ಸಾಲೂ ಹೀಗೆಯೇ ಮರೆಯಾಯಿತು. ಇಲ್ಲಿ ಕಳೆದುಹೋದುದು ಎರಡು: ಒಂದು ಅವಮಾನದ ಗುರುತು, ಮತ್ತೊಂದು ಕೈಯ ಜ್ಞಾನ. ಮೊದಲನೆಯದು ಹೋದುದಕ್ಕೆ ಸಂತೋಷ ಪಡುತ್ತಲೇ ಎರಡನೆಯದು ಹೋದುದಕ್ಕೆ ದುಃಖಪಡುವುದು ಸಾಧ್ಯ. ಅದು ನ್ಯಾಯವೂ ಹೌದು.

ಅಡಿಕೆಯ ಮಟ್ಟಿಗೆ ಹೇಳುವುದಾದರೆ, ಕಾಯಿಗೆ ಸಿಕ್ಕಿದ ಆದರ ಹಾಳೆಗೆ ಸಿಗಲಿಲ್ಲ. ವಿಟ್ಲದಲ್ಲಿ 1956ರಲ್ಲಿ ಅಡಿಕೆ ಸಂಶೋಧನಾ ಕೇಂದ್ರ ಆರಂಭವಾಯಿತು. ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿತು. ಹಾಳೆಗೆ ಬೆಲೆ ಬಂದದ್ದು ಯಂತ್ರದ ಮೂಲಕ. ನೆನೆಸಿದ ಹಾಳೆಯನ್ನು ಕಾದ ಲೋಹದ ಅಚ್ಚಿನಲ್ಲಿ ಒತ್ತಿ ತಟ್ಟೆ ಮಾಡುವ ಉದ್ಯಮ ಇಂದು ದಕ್ಷಿಣದ ರಾಜ್ಯಗಳಲ್ಲೆಲ್ಲ ಹರಡಿದೆ. ಅದರ ಯಂತ್ರಗಳು ಕೊಯಮತ್ತೂರಿನಂತಹ ಊರುಗಳಲ್ಲಿ ತಯಾರಾಗುತ್ತವೆ. ಪೋರೂರಿನ ಅಂಗಡಿಗಳಲ್ಲಿಯೂ ‘ಪಾಕ್ಕು ಮಟ್ಟೈ ತಟ್ಟು’ ಎಂಬ ಹೆಸರಿನಿಂದ ಅವು ಕಟ್ಟುಕಟ್ಟಾಗಿ ಸಿಗುತ್ತವೆ. ಮದುವೆ, ಗೃಹಪ್ರವೇಶಗಳ ಊಟಕ್ಕೆ ಜನ ಕೊಂಡೊಯ್ಯುತ್ತಾರೆ. ನೆನೆದಾಗ ಬಾಗಿ ಒಣಗಿದಾಗ ನಿಲ್ಲುವ ಹಾಳೆಯ ಗುಣವನ್ನೇ ಯಂತ್ರವೂ ನಂಬಿಕೊಂಡಿದೆ. ಆದರೆ ಇಲ್ಲಿ ಅಚ್ಚಿಗೆ ಒಡೆಯನುಂಟು, ಬೆಲೆಯುಂಟು, ಕೆಟ್ಟರೆ ರಿಪೇರಿಗೆ ಬೇರೊಬ್ಬನನ್ನು ಕರೆಸಬೇಕು. ಕೆಲಸ ಮಾಡುವವನ ಪಾಲಿಗೆ ಉಳಿದಿರುವುದು ಹಾಳೆಯನ್ನು ಇಟ್ಟು ತೆಗೆಯುವುದು. ತನ್ನ ದಬ್ಬಣವನ್ನು ತಾನೇ ಕೆತ್ತಿಕೊಂಡವನಿಗೆ ಕೂಲಿ ಕಡಿಮೆಯಿತ್ತು, ಗೌರವ ಕಡಿಮೆಯಿತ್ತು. ಸಲಕರಣೆಯ ವಿಷಯದಲ್ಲಿ ಮಾತ್ರ ಅವನು ಯಾರ ಹಂಗಿನಲ್ಲೂ ಇರಲಿಲ್ಲ.

ಕಳೆದುಹೋದುದನ್ನು ಹುಡುಕುವವರಿಗೆ ಪದಕೋಶಗಳು ಮೊದಲ ಆಸರೆ. ಈ ವಿಷಯದಲ್ಲಿ ಚೆನ್ನೈಯ ಋಣ ದೊಡ್ಡದು. ಬಾಸೆಲ್ ಮಿಷನ್ನಿನ ಮ್ಯಾನರ್ ಮಂಗಳೂರಿನಲ್ಲಿ 1886ರಲ್ಲಿ ತುಳು–ಇಂಗ್ಲಿಷ್ ನಿಘಂಟನ್ನು ಅಚ್ಚು ಹಾಕಿಸಿದ. ಆ ಬಳಿಕ ಎಂ. ಮರಿಯಪ್ಪ ಭಟ್ಟರೂ ಶಂಕರ ಕೆದಿಲಾಯರೂ ಸೇರಿ ಸಿದ್ಧಪಡಿಸಿದ ತುಳು–ಇಂಗ್ಲಿಷ್ ನಿಘಂಟನ್ನು 1967ರಲ್ಲಿ ಪ್ರಕಟಿಸಿದ್ದು ಮದರಾಸು ವಿಶ್ವವಿದ್ಯಾಲಯ. ಕಿಟೆಲ್‌ರ 1894ರ ಕನ್ನಡ ನಿಘಂಟನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಸಂಪುಟಗಳೂ ಅಲ್ಲಿಂದಲೇ ಬಂದವು. ಮುಂದೆ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಯು. ಪಿ. ಉಪಾಧ್ಯಾಯರ ನೇತೃತ್ವದಲ್ಲಿ ತುಳು ನಿಘಂಟು ಆರು ಸಂಪುಟಗಳಾಗಿ ಪೂರ್ಣಗೊಂಡಿತು. ಬಂಟ್ವಾಳದಲ್ಲಿ ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ಸಂಗ್ರಹಾಲಯ, ತುಳುವರ ದಿನಬಳಕೆಯ ವಸ್ತುಗಳನ್ನು ಜತನದಿಂದ ಕಾಪಾಡಿದೆ. ಪದವನ್ನು ನಿಘಂಟು ಉಳಿಸುತ್ತದೆ, ವಸ್ತುವನ್ನು ಸಂಗ್ರಹಾಲಯ ಉಳಿಸುತ್ತದೆ. ನೆನೆದ ಹಾಳೆ ಮಡಿಸುವ ಹದಕ್ಕೆ ಬಂದಿದೆಯೆಂದು ಹೆಬ್ಬೆರಳಿಗೆ ತಿಳಿಯುವುದು ಹೇಗೆ ಎಂಬುದನ್ನು ಕೈಯಿಂದ ಕೈಗೆ ಮಾತ್ರ ದಾಟಿಸಬಹುದು.

ಇತ್ತೀಚೆಗೆ ಮುಟ್ಟಾಳೆಗೆ ಹೊಸ ಬಾಳು ಬಂದಿದೆ. ತುಳು ಸಮ್ಮೇಳನಗಳಲ್ಲಿ, ಕೃಷಿ ಮೇಳಗಳಲ್ಲಿ, ಹೊರನಾಡಿನ ಸಂಘಗಳ ವೇದಿಕೆಗಳಲ್ಲಿ ಅತಿಥಿಗಳಿಗೆ ಮುಟ್ಟಾಳೆ ತೊಡಿಸಿ ಸನ್ಮಾನಿಸುತ್ತಾರೆ. ಒಂದು ಕಾಲಕ್ಕೆ ಅಂಗಳದ ಹೊರಗೆ ನಿಂತಿದ್ದ ಟೊಪ್ಪಿ ವೇದಿಕೆಯ ನಡುವೆ ಬಂದಿರುವುದು ಸಣ್ಣ ಮಾತಲ್ಲ. ಆದರೆ ವೇದಿಕೆಯ ಮುಟ್ಟಾಳೆಗೆ ತಲೆ ಸರಿಹೊಂದಬೇಕಾಗಿಲ್ಲ. ಛಾಯಾಚಿತ್ರ ತೆಗೆಯುವಷ್ಟು ಹೊತ್ತು ನಿಂತರೆ ಸಾಕು. ಕಾಣದ ತಲೆಗಾಗಿ ಮಾಡಿದ ಟೊಪ್ಪಿ ಅದು. ಯುನೆಸ್ಕೊ ಇಕ್ವಡಾರಿನಲ್ಲಿ ಹೆಣೆಯುವ ವಿದ್ಯೆಯನ್ನು ಗೌರವಿಸಿದ್ದನ್ನು ಹಿಂದೆ ಹೇಳಿದೆವು. ನಾವು ಇನ್ನೂ ಟೊಪ್ಪಿಯನ್ನು ಮಾತ್ರ ಗೌರವಿಸುತ್ತಿದ್ದೇವೆ.

ಹೊರನಾಡಿನ ಕನ್ನಡ ಕೂಟಗಳಿಗೆ ಇದರಲ್ಲಿ ಮಾಡಬಹುದಾದ ಕೆಲಸ ಒಂದುಂಟು, ಅದಕ್ಕೆ ದೊಡ್ಡ ನಿಧಿಯೂ ಬೇಡ. ರಾಜ್ಯೋತ್ಸವಕ್ಕೋ ಯುಗಾದಿಗೋ ಊರಿನಿಂದ ಹತ್ತು ಮುಟ್ಟಾಳೆಗಳನ್ನು ತರಿಸುವ ಬದಲು, ಮುಟ್ಟಾಳೆ ಮಾಡಬಲ್ಲ ಒಬ್ಬ ಹಿರಿಯರನ್ನು ಪ್ರಯಾಣದ ಖರ್ಚು, ತಕ್ಕ ಸಂಭಾವನೆ ಕೊಟ್ಟು ಕರೆಸಬಹುದು. ಅವರು ತಮ್ಮ ಕತ್ತಿ ದಬ್ಬಣಗಳೊಡನೆ ವೇದಿಕೆಯ ಮೇಲೆಯೇ ಕೂರಲಿ, ನಮ್ಮ ಮಕ್ಕಳು ಎದುರಿಗೆ ಕೂರಲಿ. ಮಕ್ಕಳ ತಲೆಯನ್ನು ಅವರು ಕೈಯಿಂದಲೇ ಅಳೆಯಲಿ. ದಬ್ಬಣ ಕೆತ್ತುವುದು ಹೇಗೆಂದು ಮಕ್ಕಳು ಕೇಳಲಿ, ಒಂದನ್ನು ಕೆತ್ತಿಯೂ ನೋಡಲಿ. ಅವರು ಆಡುವ ಪ್ರತಿ ಪದವನ್ನೂ, ಕತ್ತಿಯ ಹಿಡಿಯ ಪ್ರತಿ ಅಳತೆಯನ್ನೂ ನಮ್ಮಲ್ಲಿ ಒಬ್ಬರು ಕುಳಿತು ಬರೆದುಕೊಳ್ಳಲಿ. ಮಾಡಿದವರ ಹೆಸರು ಸನ್ಮಾನಿತರ ಹೆಸರಿಗಿಂತ ಮೇಲೆ ಇರಲಿ. ಎರಡನೆಯ ಹಾಳೆಯ ಚರಿತ್ರೆ ಮೊದಲನೆಯ ಹಾಳೆಯ ಮೇಲೆ ಬರುವುದು ಆಗಲೇ.